ಮಕ್ಕಳ ಬಾಯಿಗೆ ನುಡಿ ಮರಳಬೇಕಾದರೆ ಸರ್ಕಾರದ ಬಳಿ ಏನು ಕೇಳಬೇಕು: ಹವಾಯಿ ನಡೆದ ದಾರಿ

ಅಳಿವಿನ ಅಂಚಿಗೆ ಬಂದ ಭಾಷೆಗೆ ಅಧಿಕೃತ ಪಟ್ಟ ಸಿಕ್ಕಿಬಿಟ್ಟರೆ ಅರ್ಧ ಕೆಲಸ ಮುಗಿದಂತೆ ಎಂದುಕೊಂಡು ಮನವಿಪತ್ರ ಬರೆಯಲು ಕೂರುವವರು ಮೊದಲು ಹವಾಯಿಯ ಎರಡು ಲೆಕ್ಕ ನೋಡಬೇಕು. ಅಮೆರಿಕದ ಆ ದ್ವೀಪರಾಜ್ಯದಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1978ರಲ್ಲಿ. ಐದು ವರ್ಷ ಕಳೆದ ಮೇಲೂ, ಖಾಸಗಿ ಒಡೆತನದ ನಿಇಹೌ ಎಂಬ ಪುಟ್ಟ ದ್ವೀಪವೊಂದನ್ನು ಬಿಟ್ಟರೆ, ಆ ಭಾಷೆಯನ್ನು ಸರಾಗವಾಗಿ ಆಡುವ 18ರ ಒಳಗಿನ ಮಕ್ಕಳು ಇಡೀ ರಾಜ್ಯದಲ್ಲಿ 50 ಮಂದಿಯೂ ಇರಲಿಲ್ಲ. 2016ರಲ್ಲಿ ರಾಜ್ಯ ಸರ್ಕಾರ ಹೊರತಂದ ವರದಿಯಲ್ಲಿ, ಮನೆಯಲ್ಲಿ ಹವಾಯಿ ಆಡುತ್ತೇವೆ ಎಂದು ಹೇಳಿಕೊಂಡವರ ಸಂಖ್ಯೆ 18,000 ದಾಟಿದೆ. ಇದರಲ್ಲಿ ಪಟ್ಟದ ಪಾಲು ಕಡಿಮೆ. ಶಿಶುವಿಹಾರದ ಲೈಸೆನ್ಸು, ಒಂದನೇ ತರಗತಿಗೆ ಒಂದು ಕೊಠಡಿ, ಟೀಚರ ಸಂಬಳ, ಮೂರನೇ ತರಗತಿಯ ಪರೀಕ್ಷೆ, ಇಂಥ ಚಿಲ್ಲರೆ ಎನಿಸುವ ವಿಷಯಗಳ ಮೇಲಿನ ಆದೇಶಗಳ ಪಾಲೇ ದೊಡ್ಡದು.

ಅವನ್ನು ಯಾವ ಕ್ರಮದಲ್ಲಿ ಕೇಳಬೇಕು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಬಿಡಿಸಿಟ್ಟಿದ್ದೇವೆ. ತುಳು, ಕೊಡವ, ಕೊರಗ ನುಡಿಗಳಿಗಾಗಿ ಓಡಾಡುತ್ತಿರುವವರಿಗೆ ನೇರವಾಗಿ ಉಪಯೋಗಕ್ಕೆ ಬಂದೀತು. ಕಾನೂನು ಬೇರೆ, ನೆಲ ಬೇರೆ. ಆದರೆ ಕಡತ ಸಿಕ್ಕಿಹಾಕಿಕೊಳ್ಳುವ ಜಾಗಗಳು ಬಹುಮಟ್ಟಿಗೆ ಅವೇ.

ಮೊದಲು ಹಳೆಯ ಕಾನೂನಿನ ಆ ಸಾಲನ್ನು ಹುಡುಕಿ

ಹವಾಯಿ ಭಾಷೆಯನ್ನು ನಿಷೇಧಿಸಿದ್ದರು ಎಂದು ಎಲ್ಲರೂ ಹೇಳುತ್ತಾರೆ. ಕಾನೂನು ಹೇಳಿದ್ದು ಇನ್ನೂ ನಾಜೂಕಾಗಿ. 1893ರಲ್ಲಿ ರಾಣಿ ಲಿಲಿವೋಕಲಾನಿಯನ್ನು ಪದಚ್ಯುತಗೊಳಿಸಿದವರು ಕಟ್ಟಿದ ಗಣರಾಜ್ಯ 1896ರಲ್ಲಿ 57ನೇ ಕಾಯ್ದೆ ತಂದಿತು. ಅದರ 30ನೇ ಕಲಮಿನ ಪ್ರಕಾರ ಸರ್ಕಾರಿ, ಖಾಸಗಿ ಎಲ್ಲ ಶಾಲೆಗಳಿಗೂ ಇಂಗ್ಲಿಷೇ ಮಾಧ್ಯಮ. ಹಾಗೆ ನಡೆಯದ ಶಾಲೆಗೆ ಇಲಾಖೆಯ ಮಾನ್ಯತೆ ಇಲ್ಲ. ಮನೆಯಲ್ಲಿ, ಚರ್ಚಿನಲ್ಲಿ, ಪತ್ರಿಕೆಯಲ್ಲಿ ಭಾಷೆಗೆ ತಡೆ ಇರಲಿಲ್ಲ. ಹವಾಯಿ ಭಾಷೆಯ ಪತ್ರಿಕೆಗಳು 1834ರಿಂದ 1948ರವರೆಗೂ ಒಂದಲ್ಲ ಒಂದು ಹೆಸರಿನಲ್ಲಿ ಹೊರಬರುತ್ತಲೇ ಇದ್ದವು. ಮಾನ್ಯತೆಯ ದಾರ ಕಡಿದದ್ದೇ ಸಾಕಾಯಿತು: ಶಾಲೆಗಳು ಮುಚ್ಚಿದವು, ಶಾಲೆಯಲ್ಲಿ ಆ ಮಾತಾಡಿದ ಮಕ್ಕಳಿಗೆ ಏಟು ಬಿತ್ತು, ಅಪ್ಪ ಅಮ್ಮಂದಿರು ಮನೆಯಲ್ಲೂ ಮಕ್ಕಳೊಂದಿಗೆ ಆ ಭಾಷೆ ಬಿಟ್ಟರು.

ಈ ವಿವರ ಏಕೆ ಮುಖ್ಯವೆಂದರೆ, ಏಟು ಬಿದ್ದ ಜಾಗಕ್ಕೇ ಔಷಧ ಹಚ್ಚಬೇಕು. ಮುಂದೆ 1919ರಲ್ಲಿ ಪ್ರೌಢಶಾಲೆಗಳಲ್ಲಿ ಹವಾಯಿಯನ್ನು ಒಂದು ವಿಷಯವಾಗಿ ಕಲಿಸಲು ಕಾನೂನು ಬಂತು. 1935ರಲ್ಲಿ, ಮೂಲನಿವಾಸಿಗಳಿಗೆ ಜಮೀನು ಕೊಟ್ಟ ವಸತಿಗಳ ಶಾಲೆಗಳಲ್ಲಿ ದಿನಕ್ಕೆ ಕನಿಷ್ಠ ಹತ್ತು ನಿಮಿಷ ಹವಾಯಿ ಕಲಿಸಬೇಕೆಂಬ ಕಾನೂನೂ ಆಯಿತು. ಹತ್ತು ನಿಮಿಷದಲ್ಲಿ ಹಾಜರಿ ಕೂಗಬಹುದು, ಅಷ್ಟೇ. ಮಾಧ್ಯಮವಾಗಿ ಕಳೆದುಕೊಂಡದ್ದನ್ನು ವಿಷಯವಾಗಿ ಹಿಂದಿರುಗಿಸಿದರೆ ಮಾತಾಡುವವರು ಹುಟ್ಟುವುದಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಕೆಲವು ಶಾಲೆಗಳಲ್ಲಿ ತುಳು ಮೂರನೇ ಭಾಷೆಯಾಗಿ ಬಂದಿರುವುದು ಒಳ್ಳೆಯದೇ. ಆದರೆ ಅದರಿಂದ ಲಿಪಿ, ಸಾಹಿತ್ಯದ ಪರಿಚಯ ನಿರೀಕ್ಷಿಸಿ. ಮನೆಯಲ್ಲಿ ತುಳು ಬಿಟ್ಟ ಕುಟುಂಬದ ಮಗು ಅದರಿಂದ ತುಳು ಆಡತೊಡಗುತ್ತದೆಂದು ನಿರೀಕ್ಷಿಸಬೇಡಿ.

'ತಕ್ಕದ್ದು' ಎಲ್ಲಿದೆ, 'ಬಹುದು' ಎಲ್ಲಿದೆ

ನಮ್ಮ ಅಧಿನಿಯಮಗಳ ಕನ್ನಡದಲ್ಲಿ 'ಮಾಡತಕ್ಕದ್ದು' ಎಂದರೆ ಅಧಿಕಾರಿ ಮಾಡಲೇಬೇಕು, 'ಮಾಡಬಹುದು' ಎಂದರೆ ಅವರ ಮರ್ಜಿ. ಹವಾಯಿಯ ಸಂವಿಧಾನವನ್ನು ಈ ಕಣ್ಣಿನಿಂದ ಓದಿ.

ಹದಿನೈದನೇ ವಿಧಿಯ ನಾಲ್ಕನೇ ಕಲಮು ಇಂಗ್ಲಿಷ್ ಮತ್ತು ಹವಾಯಿ ಎರಡೂ ಅಧಿಕೃತ ಭಾಷೆ ಎನ್ನುತ್ತದೆ. ಅದೇ ಉಸಿರಿನಲ್ಲಿ, ಸರ್ಕಾರಿ ವ್ಯವಹಾರಕ್ಕೆ ಹವಾಯಿ ಕಡ್ಡಾಯವಾಗುವುದು ಕಾನೂನು ಹೇಳಿದಷ್ಟಕ್ಕೆ ಮಾತ್ರ ಎನ್ನುತ್ತದೆ. ರಾಜ್ಯದ ಕಾನೂನು ಏನು ಹೇಳಿತು? ಕಡ್ಡಾಯವಲ್ಲ ಎಂದಿತು. ಒಂದೇ ಕಾನೂನಿನ ಎರಡು ಭಾಷೆಯ ಪಾಠಗಳ ನಡುವೆ ಹೊಂದಿಸಲಾಗದ ವ್ಯತ್ಯಾಸ ಬಂದರೆ ಇಂಗ್ಲಿಷ್ ಪಾಠವೇ ಊರ್ಜಿತ ಎಂದೂ ಸೇರಿಸಿತು. ಸಭೆಯಲ್ಲಿ ಚಪ್ಪಾಳೆ ಬೀಳುವ ಕಲಮು ಇದು.

ಕೆಲಸಕ್ಕೆ ಬಂದ ಕಲಮು ಬೇರೆ ಇದೆ. ಅದೇ 1978ರ ಸಂವಿಧಾನ ಸಮಾವೇಶದಲ್ಲಿ ಸೇರಿದ ಹತ್ತನೇ ವಿಧಿಯ ನಾಲ್ಕನೇ ಕಲಮು, ರಾಜ್ಯವು ಹವಾಯಿ ಸಂಸ್ಕೃತಿ, ಇತಿಹಾಸ, ಭಾಷೆಗಳ ಅಧ್ಯಯನಕ್ಕೆ ಉತ್ತೇಜನ ಕೊಡತಕ್ಕದ್ದು, ಸರ್ಕಾರಿ ಶಾಲೆಗಳಲ್ಲಿ ಇವನ್ನೊಳಗೊಂಡ ಶಿಕ್ಷಣ ಕಾರ್ಯಕ್ರಮ ಒದಗಿಸತಕ್ಕದ್ದು ಎನ್ನುತ್ತದೆ. ಪದವಿ ಇಲ್ಲದಿದ್ದರೂ ತಿಳಿದಿರುವ ಊರಿನ ಹಿರಿಯರನ್ನು ಬಳಸಿಕೊಳ್ಳುವುದಕ್ಕೂ ಅದರಲ್ಲಿ ಒತ್ತಾಸೆ ಇದೆ. ನಾಲ್ಕು ದಶಕದ ನಂತರ ಹವಾಯಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಟ್ಟದ್ದು ಈ ಕಲಮು. ಹಾಗಾಗಿ ಕರಡು ಬರೆಯುವಾಗ ಪಟ್ಟದ ಸಾಲಿಗಿಂತ ಶಿಕ್ಷಣದ ಸಾಲಿಗೆ ಹೆಚ್ಚು ತಲೆ ಕೊಡಿ. ಕ್ರಿಯಾಪದ ಇರಲಿ, ಇಲಾಖೆಯ ಹೆಸರಿರಲಿ.

ನಮ್ಮ ಸಂವಿಧಾನದ 350ಎ ವಿಧಿಯನ್ನೂ ಇದೇ ರೀತಿ ಓದಿ ನೋಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವುದು ಪ್ರತಿ ರಾಜ್ಯದ 'ಪ್ರಯತ್ನವಾಗಿರತಕ್ಕದ್ದು' ಎಂದಿದೆ. 'ತಕ್ಕದ್ದು' ಇದೆ, ಆದರೆ 'ಪ್ರಯತ್ನ'ದ ಹಿಂದೆ ಅವಿತಿದೆ. 2014ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ಮೊಕದ್ದಮೆಯಲ್ಲೇ, ಮಾಧ್ಯಮದ ಆಯ್ಕೆ ಪೋಷಕರದು, ಸರ್ಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಿತು. ಹವಾಯಿ ಮಾದರಿಗೆ ಇದರಿಂದ ಅಡ್ಡಿ ಇಲ್ಲ. ಅಲ್ಲಿನ ಹವಾಯಿ ಮಾಧ್ಯಮಕ್ಕೆ ಯಾರನ್ನೂ ಬಲವಂತವಾಗಿ ಸೇರಿಸಿಲ್ಲ. ಬಯಸಿ ಬಂದವರಿಗೆ ಬಾಗಿಲು ಮುಚ್ಚಬಾರದು ಎಂಬುದಷ್ಟೇ ಬೇಡಿಕೆ.

ಆದೇಶಕ್ಕೆ ಕಾಯದೆ ಪುಟ್ಟ ಮಕ್ಕಳಿಂದ ಆರಂಭಿಸಿ

1983ರಲ್ಲಿ ಕೆಲವು ಶಿಕ್ಷಕರು, ಪೋಷಕರು ಸೇರಿ 'ಅಹ ಪೂನನ ಲೆಯೊ' ಎಂಬ ಸಂಸ್ಥೆ ಕಟ್ಟಿದರು. ಹಿಂದಿನ ವರ್ಷವಷ್ಟೇ ನ್ಯೂಜಿಲೆಂಡಿನ ಮಾವೊರಿಗಳು ಹಿರಿಯರ ಮಡಿಲಲ್ಲಿ ಮಕ್ಕಳನ್ನು ಬಿಡುವ 'ಭಾಷಾ ಗೂಡು' ಶುರುಮಾಡಿದ್ದರು, ಅದೇ ಮಾದರಿ. ಮೊದಲ ಶಿಶುವಿಹಾರ 1984ರಲ್ಲಿ ಕೌವಾಯಿ ದ್ವೀಪದ ಕೆಕಹದಲ್ಲಿ ತೆರೆಯಿತು. ಅಲ್ಲಿ ನಿಇಹೌನಿಂದ ಬಂದು ನೆಲೆಸಿದ ಕುಟುಂಬಗಳಿದ್ದವು, ಅಂದರೆ ಭಾಷೆ ಇನ್ನೂ ಬಾಯಲ್ಲಿ ಇದ್ದ ಜನ. 1985ರಲ್ಲಿ ಹಿಲೊ ಮತ್ತು ಹೊನೊಲುಲುವಿನಲ್ಲಿ ಇನ್ನೆರಡು.

ನಡೆಸುವ ನಿಯಮ ಸರಳ, ಪಾಲಿಸುವುದು ಕಷ್ಟ. ಗೇಟಿನ ಒಳಗೆ ದಿನವಿಡೀ ಹವಾಯಿ ಮಾತ್ರ. ಅನುವಾದ ಮಾಡಿ ಹೇಳುವಂತಿಲ್ಲ. ಮಗು ಇಂಗ್ಲಿಷಿನಲ್ಲಿ ಕೇಳಿದರೂ ಉತ್ತರ ಹವಾಯಿಯಲ್ಲೇ. ಪೋಷಕರು ಶುಲ್ಕ ಕೊಟ್ಟರೆ ಸಾಲದು: ವಾರಕ್ಕೊಂದು ಭಾಷಾ ತರಗತಿಗೆ ಬರಬೇಕು, ತಿಂಗಳಿಗೆ ಎಂಟು ಗಂಟೆ ಶಾಲೆಯ ಕೆಲಸ ಮಾಡಿಕೊಡಬೇಕು. ಈ ಎಂಟು ಗಂಟೆಯನ್ನು ಸಡಿಲ ಬಿಡಬೇಡಿ. ದುಡ್ಡು ಉಳಿಯುವುದು ಅದರ ಸಣ್ಣ ಲಾಭ. ಭಾಷೆ ಶಾಲೆಯಿಂದ ಮನೆಗೆ ದಾಟುವುದು ಅಪ್ಪ ಅಮ್ಮನೂ ಕಲಿತರೆ ಮಾತ್ರ. ಇಲ್ಲದಿದ್ದರೆ ಮಧ್ಯಾಹ್ನದ ಗಂಟೆ ಹೊಡೆಯುತ್ತಲೇ ಭಾಷೆಯೂ ಬಾಗಿಲು ಹಾಕಿಕೊಳ್ಳುತ್ತದೆ.

ಇಲ್ಲಿ ಎಡವುವುದು ಲೈಸೆನ್ಸಿನಲ್ಲಿ. ಶಿಶುವಿಹಾರದ ಸಿಬ್ಬಂದಿಗೆ ಇಂತಿಷ್ಟು ಕಾಲೇಜು ತರಬೇತಿ ಇರಲೇಬೇಕು ಎಂದು ಇಲಾಖೆ ಹೇಳುತ್ತಿತ್ತು. ಚೆನ್ನಾಗಿ ಭಾಷೆ ಬಲ್ಲ ಅಜ್ಜಿ ತಾತಂದಿರಿಗೆ ಆ ಸರ್ಟಿಫಿಕೇಟು ಇರಲಿಲ್ಲ; ಸರ್ಟಿಫಿಕೇಟು ಇದ್ದವರಿಗೆ ಭಾಷೆ ಬರುತ್ತಿರಲಿಲ್ಲ. ಮೂರು ವರ್ಷ ಶಾಸಕರ ಬಾಗಿಲು ತಟ್ಟಿದ ಮೇಲೆ 1986ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹವಾಯಿ ಮಾಧ್ಯಮದ ಮೇಲಿನ ಹಳೆಯ ತಡೆ ಹೋಯಿತು, ಈ ಶಿಶುವಿಹಾರಗಳ ಸಿಬ್ಬಂದಿಗೆ ಅರ್ಹತೆಯ ವಿನಾಯಿತಿಯೂ ಸಿಕ್ಕಿತು. ವಿನಾಯಿತಿ ಕೇಳುವಾಗ ಕಿರಿದಾಗಿ ಕೇಳುವುದು ಜಾಣತನ: ಕಟ್ಟಡ, ನೈರ್ಮಲ್ಯ, ಸುರಕ್ಷತೆಯ ನಿಯಮಗಳನ್ನೆಲ್ಲ ಒಪ್ಪಿಕೊಂಡು, ಕಲಿಸುವವರ ವಿದ್ಯಾರ್ಹತೆಯ ಒಂದೇ ಷರತ್ತನ್ನು ಮುಟ್ಟಿ. ಎಲ್ಲ ನಿಯಮದಿಂದ ಬಿಡುಗಡೆ ಕೇಳಿದರೆ ಮಕ್ಕಳ ಸುರಕ್ಷತೆಯ ಮಾತೆತ್ತಿ ಕಡತವನ್ನು ವಾಪಸ್ ಕಳಿಸುತ್ತಾರೆ, ಮತ್ತು ಅದು ತಪ್ಪೂ ಅಲ್ಲ.

ತರಗತಿಯ ಮೇಲೆ ತರಗತಿ

ಶಿಶುವಿಹಾರ ಮುಗಿಸಿದ ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರೆ ಕೆಲವೇ ತಿಂಗಳಲ್ಲಿ ಭಾಷೆ ಉದುರಿಹೋಗುತ್ತದೆ. ಹಾಗಾಗಿ ಮೊದಲ ತಂಡ ಹೊರಬೀಳುವ ಮುಂಚೆಯೇ ಮೇಲಿನ ತರಗತಿಯ ಅರ್ಜಿ ಇಲಾಖೆಯ ಮೇಜಿನ ಮೇಲಿರಬೇಕು. 1986ರಲ್ಲಿ ಸರ್ಕಾರಿ ಶಾಲೆ ಸಿದ್ಧವಿಲ್ಲದ್ದರಿಂದ ಹಿಲೊದ ಪೋಷಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸದೆ ಪೂನನ ಲೆಯೊದಲ್ಲೇ ಉಳಿಸಿಕೊಂಡರು. ಮರುವರ್ಷ, 1987ರಲ್ಲಿ, ಹಿಲೊದ ಕೆಯೌಕಹ ಮತ್ತು ಓವಾಹು ದ್ವೀಪದ ವೈಯಾವು ಎಂಬ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಹವಾಯಿ ಮಾಧ್ಯಮ ಶುರುವಾಯಿತು. ಇದೇ ಇಂದಿನ 'ಕೈಯಾಪುನಿ' ಕಾರ್ಯಕ್ರಮ. ಮಕ್ಕಳು ಕಡಿಮೆ ಇದ್ದುದರಿಂದ ಕಿಂಡರ್‌ಗಾರ್ಟನ್ ಮತ್ತು ಒಂದನೇ ತರಗತಿ ಒಂದೇ ಕೊಠಡಿಯಲ್ಲಿ.

ಪ್ರಯೋಗ ಎಂಬ ಪದದಲ್ಲೇ ಅಪಾಯ ಇದೆ. ವರ್ಷ ವರ್ಷ ನವೀಕರಿಸಬೇಕಾದ ಕಾರ್ಯಕ್ರಮವನ್ನು ನಂಬಿ ಮಗುವಿನ ಓದನ್ನು ಒತ್ತೆ ಇಡಲು ಯಾರೂ ಮುಂದೆ ಬರುವುದಿಲ್ಲ. ಹಾಜರಾತಿ ಕುಸಿಯುತ್ತದೆ, ಆಮೇಲೆ ಬೇಡಿಕೆ ಇಲ್ಲ ಎಂದು ಇಲಾಖೆಯೇ ಷರಾ ಬರೆಯುತ್ತದೆ. ಹವಾಯಿಯ ಶಿಕ್ಷಣ ಮಂಡಳಿ 1989ರಲ್ಲಿ ಆರನೇ ತರಗತಿವರೆಗೆ, 1992ರಲ್ಲಿ ಹನ್ನೆರಡರವರೆಗೆ ಒಪ್ಪಿಗೆ ಕೊಟ್ಟ ಮೇಲೇ ಕಾರ್ಯಕ್ರಮಕ್ಕೆ ಬೇರು ಇಳಿದದ್ದು. ನೀವೂ ಆದೇಶವನ್ನು ಕಂತಿನಲ್ಲಿ ಕೇಳಿ, ಆದರೆ ಕಂತು ದೊಡ್ಡದಿರಲಿ: ಐದಾರು ತರಗತಿಗೆ ಒಮ್ಮೆಲೇ. ಕೆಕಹದಲ್ಲಿ ಮೊದಲ ಬಾಗಿಲು ತೆರೆದ 1984ರಿಂದ ಹನ್ನೆರಡನೇ ತರಗತಿ ಮುಗಿಸಿದ ಮೊದಲ ತಂಡ ಹೊರಬಂದ 1999ರವರೆಗೆ 15 ವರ್ಷ. ಅಷ್ಟರಲ್ಲಿ ಎಷ್ಟು ಚುನಾವಣೆ ಬಂದುಹೋಗುತ್ತವೆ ಎಂದು ಎಣಿಸಿಕೊಳ್ಳಿ.

ಇಂಗ್ಲಿಷ್ ಬರುವುದಿಲ್ಲವೇ ಎಂಬ ಪ್ರಶ್ನೆ ಮೊದಲ ದಿನವೇ ಏಳುತ್ತದೆ. ಅಲ್ಲಿನ ಉತ್ತರ: ಐದನೇ ತರಗತಿಯಿಂದ ದಿನಕ್ಕೆ ಒಂದು ಗಂಟೆ ಇಂಗ್ಲಿಷ್, ಉಳಿದದ್ದೆಲ್ಲ ಹವಾಯಿ. ಸುತ್ತಲೂ ಇಂಗ್ಲಿಷೇ ತುಂಬಿರುವ ಊರಿನಲ್ಲಿ ಅಷ್ಟು ಸಾಕಾಗಿದೆ. ಈ ಉತ್ತರವನ್ನು ಆದೇಶದ ಒಳಗೇ ಬರೆಸಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಬಿಟ್ಟರೆ ಪ್ರತಿ ಹೊಸ ಮುಖ್ಯೋಪಾಧ್ಯಾಯರು ಬಂದಾಗಲೂ ಇಂಗ್ಲಿಷ್ ಒಂದೊಂದು ತರಗತಿ ಕೆಳಗಿಳಿಯುತ್ತದೆ.

ಪುಸ್ತಕ ಇರಲಿಲ್ಲ. ಮೊದಲ ವರ್ಷಗಳಲ್ಲಿ ಪೋಷಕರು, ಶಿಕ್ಷಕರು ಕೂತು ಇಂಗ್ಲಿಷ್ ಮಕ್ಕಳ ಪುಸ್ತಕದ ಸಾಲುಗಳ ಮೇಲೆ ಹವಾಯಿ ಅನುವಾದದ ಚೀಟಿ ಅಂಟಿಸಿದರು. ಅಂಟು, ಕತ್ತರಿಯ ಈ ಕೆಲಸ ಒಂದೆರಡು ತರಗತಿಗೆ ನಡೆದೀತು, ಏಳನೇ ತರಗತಿಯ ವಿಜ್ಞಾನಕ್ಕೆ ನಡೆಯದು. ಅದಕ್ಕೆ ಸಂಬಳ ಕೊಡುವ ಜಾಗ ಬೇಕು. 1989ರಲ್ಲಿ ಹಿಲೊದ ವಿಶ್ವವಿದ್ಯಾಲಯದಲ್ಲಿ 'ಹಲೆ ಕುವಮೊಒ' ಎಂಬ ಕೇಂದ್ರ ತೆರೆದು ಪಠ್ಯ ತಯಾರಿ ಅದರ ಪಾಲಿಗೆ ಬಂತು. ಅದಕ್ಕೂ ಮೊದಲೇ, 1987ರಲ್ಲಿ, ಹೊಸ ಪದಗಳನ್ನು ತೀರ್ಮಾನಿಸುವ ಒಂದು ಸಮಿತಿ ಕೂತಿತ್ತು. ಪದಸಮಿತಿ ತಡವಾದರೆ ಪ್ರತಿ ಶಾಲೆ ತನ್ನದೇ ಪದ ಟಂಕಿಸಿಕೊಂಡು, ಕೊನೆಗೆ ಪರೀಕ್ಷೆಯಲ್ಲಿ ಒಬ್ಬರ ಗಣಿತ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಟೀಚರು ಸಿಗದಿದ್ದರೆ

ಹವಾಯಿ ಇಂದಿಗೂ ಏಗುತ್ತಿರುವುದು ಇದರೊಂದಿಗೇ. ಮಾತೃಭಾಷಿಕ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಾರೆ. ಅವರ ಜಾಗಕ್ಕೆ ಕಾಲೇಜಿನಲ್ಲಿ ಭಾಷೆ ಕಲಿತ ಯುವಕರು ಬರಬೇಕು. 1997ರಲ್ಲಿ ಶಾಸಕಾಂಗವೇ ಕಾನೂನು ಮಾಡಿ ಹಿಲೊದಲ್ಲಿ ಹವಾಯಿ ಭಾಷೆಯ ಪ್ರತ್ಯೇಕ ಕಾಲೇಜು ಸ್ಥಾಪಿಸಿತು. ಅದರಡಿ ಶಿಕ್ಷಕರ ತರಬೇತಿಯೂ ಹವಾಯಿ ಮಾಧ್ಯಮದಲ್ಲೇ ನಡೆಯುತ್ತದೆ. ಬಿ.ಎಡ್. ಇಂಗ್ಲಿಷಿನಲ್ಲಿ ಮುಗಿಸಿ ಬಂದವರಿಗೆ ತರಗತಿಯಲ್ಲಿ ಭಿನ್ನರಾಶಿ ಹೇಳಲು ಪದ ಸಿಗುವುದಿಲ್ಲ ಎಂಬುದು ಇದರ ಹಿಂದಿನ ಕಾರಣ.

ಸಂಬಳದ ವಿಷಯದಲ್ಲಿ ಸಂಕೋಚ ಬೇಡ. ಎರಡು ಭಾಷೆ, ಇಲ್ಲದ ಪಠ್ಯ, ಕೂಡು ತರಗತಿ, ಇಷ್ಟೆಲ್ಲ ಹೊರುವವರಿಗೆ ಬೇರೆಯವರಷ್ಟೇ ಕೊಟ್ಟರೆ ಅವರು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. 2020ರ ಜನವರಿಯಿಂದ ರಾಜ್ಯದ ಶಿಕ್ಷಣ ಇಲಾಖೆ ಹವಾಯಿ ಮಾಧ್ಯಮದ ಶಿಕ್ಷಕರಿಗೆ ವರ್ಷಕ್ಕೆ 8,000 ಡಾಲರ್ ಹೆಚ್ಚುವರಿ ಭತ್ಯೆ ಕೊಡಲು ಶುರುಮಾಡಿತು. ಮೊದಲ ಸರ್ಕಾರಿ ತರಗತಿ ತೆರೆದು 32 ವರ್ಷ ಆದ ಮೇಲೆ! ನಿಮ್ಮ ಮೊದಲ ಮನವಿಯಲ್ಲೇ ಇದು ಇರಲಿ.

ಇನ್ನೊಂದು, ಕಡತಕ್ಕೆ ಒಂದು ಮೇಜು ಬೇಕು. ಪಠ್ಯ ಒಬ್ಬರ ಹತ್ತಿರ, ನೇಮಕಾತಿ ಇನ್ನೊಬ್ಬರ ಹತ್ತಿರ, ಬಸ್ಸು ಮತ್ತೊಬ್ಬರ ಹತ್ತಿರ ಇದ್ದಾಗ ಯಾರೂ ಹೊಣೆಗಾರರಲ್ಲ. 2015ರಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರ ಕೆಳಗೇ ಹವಾಯಿ ಶಿಕ್ಷಣಕ್ಕೆ ಪ್ರತ್ಯೇಕ ಕಚೇರಿ ಬಂತು.

ಪರೀಕ್ಷೆಯನ್ನು ಅನುವಾದಿಸಬೇಡಿ

ಅಮೆರಿಕದ ಕೇಂದ್ರ ಕಾನೂನಿನಂತೆ ಪ್ರತಿ ರಾಜ್ಯ ಮೂರನೇ ತರಗತಿಯಿಂದಲೇ ವರ್ಷಕ್ಕೊಮ್ಮೆ ಮಕ್ಕಳನ್ನು ಪರೀಕ್ಷಿಸಬೇಕು, ಅಂಕ ಕಡಿಮೆಯಾದ ಶಾಲೆ ಉತ್ತರ ಹೇಳಬೇಕು. ಹವಾಯಿ ಮಾಧ್ಯಮದ ಮಕ್ಕಳಿಗೆ ಮೊದಲು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಹವಾಯಿ ಅನುವಾದ ಕೊಟ್ಟರು. ಅದು ಕೆಟ್ಟಿತು. ಓದಿನ ಪರೀಕ್ಷೆಯನ್ನು ಅನುವಾದಿಸಿದರೆ ಕಷ್ಟದ ಮಟ್ಟ ಬದಲಾಗುತ್ತದೆ: ಇಂಗ್ಲಿಷಿನಲ್ಲಿ ಸುಲಭವಾದ ಪದಕ್ಕೆ ಇಲ್ಲಿ ಮೊನ್ನೆ ಟಂಕಿಸಿದ ಪದ ಬಂದು ಕೂತಿರುತ್ತದೆ, ಕಾಗುಣಿತದ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ, ಮಗು ಕಂಡರಿಯದ ಹಿಮದ ಕಥೆ ಪಾಠವಾಗಿರುತ್ತದೆ. ಮಗುವಿಗೆ ಗೊತ್ತಿರುವುದನ್ನು ಅಳೆಯಬೇಕಾದ್ದು ಅನುವಾದಕರ ಕೈಚಳಕವನ್ನು ಅಳೆಯುತ್ತದೆ.

ಆಮೇಲೆ ಮಾನೋವದ ವಿಶ್ವವಿದ್ಯಾಲಯದ ಜೊತೆಗೂಡಿ ಹವಾಯಿಯಲ್ಲೇ ಯೋಚಿಸಿ ಬರೆದ ಪರೀಕ್ಷೆ ಸಿದ್ಧಪಡಿಸಿದರು. 2014–15ರಲ್ಲಿ ಮೂರು, ನಾಲ್ಕನೇ ತರಗತಿಯಿಂದ ಶುರುವಾಗಿ ಎಂಟನೆಯದರವರೆಗೆ ಬೆಳೆಯಿತು. ಅದರ ಅಂಕಗಳನ್ನೇ ಲೆಕ್ಕಕ್ಕೆ ಹಿಡಿಯಲು ಕೇಂದ್ರದ ವಿನಾಯಿತಿಯನ್ನೂ ಪಡೆದುಕೊಂಡರು. ಆ ವಿನಾಯಿತಿ ಇಲ್ಲದಿದ್ದರೆ ಮಕ್ಕಳು ಎರಡೆರಡು ಪರೀಕ್ಷೆ ಬರೆಯಬೇಕಾಗುತ್ತಿತ್ತು, ಮತ್ತು ಪೋಷಕರು ನಂಬುವುದು ಯಾವಾಗಲೂ ಇಂಗ್ಲಿಷಿನ ಅಂಕವನ್ನೇ.

ಕೇಂದ್ರದ ಕಾನೂನಿನಿಂದ ದುಡ್ಡು, ರಾಜ್ಯದ ಸಂವಿಧಾನದಿಂದ ಹಕ್ಕು

1990ರ ಅಮೆರಿಕದ ಮೂಲನಿವಾಸಿ ಭಾಷೆಗಳ ಕಾಯ್ದೆ, ಈ ಭಾಷೆಗಳನ್ನು ಶಾಲೆಯ ಮಾಧ್ಯಮವಾಗಿ ಬಳಸುವುದನ್ನೂ ಸೇರಿಸಿ ಅವುಗಳ ಉಳಿವು ದೇಶದ ನೀತಿ ಎಂದು ಸಾರಿತು. ಹವಾಯಿಯ ಸೆನೆಟರ್ ಡೇನಿಯಲ್ ಇನೊಯೆ ಇದರ ಹಿಂದಿದ್ದರು. 1992ರಲ್ಲಿ ಅನುದಾನದ ದಾರಿಯೂ ತೆರೆಯಿತು. ಆದರೆ ಈ ಕಾಯ್ದೆ ಹಿಡಿದು ಹೆಚ್ಚು ಶಾಲೆಗಳಿಗಾಗಿ ರಾಜ್ಯದ ಮೇಲೆ ಹೂಡಿದ ದಾವೆಯಲ್ಲಿ, ಇದು ರಾಜ್ಯಗಳ ಮೇಲೆ ಹೊಣೆ ಹೊರಿಸುವುದಿಲ್ಲ ಎಂದು 1996ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯ ಹೇಳಿತು. ಅನುದಾನದ ಅರ್ಜಿಗೆ ಲಗತ್ತಿಸಲು ಒಳ್ಳೆಯ ಕಾಗದ, ದಾವೆಗೆ ಅಲ್ಲ.

ಹಕ್ಕು ಸಿಕ್ಕಿದ್ದು 2019ರ ಆಗಸ್ಟ್‌ನಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ. ಲಾನಾಯಿ ಸಣ್ಣ ದ್ವೀಪ, ಸರ್ಕಾರಿ ಶಾಲೆ ಒಂದೇ, ಆಗ ಅಲ್ಲಿ ಹವಾಯಿ ಮಾಧ್ಯಮ ಇರಲಿಲ್ಲ. ಬೇರೆ ದ್ವೀಪದಲ್ಲಿ ಹವಾಯಿ ಮಾಧ್ಯಮದಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳೊಂದಿಗೆ ಅಲ್ಲಿಗೆ ಬಂದ ತಾಯಿಯೊಬ್ಬರು ದಾವೆ ಹೂಡಿದ್ದರು. ಟೀಚರು ಸಿಗಲಿಲ್ಲ ಎಂಬುದು ಇಲಾಖೆಯ ವಾದ. ವಾರದಲ್ಲಿ ಒಂದಿಷ್ಟು ಹೊತ್ತು ಹಿರಿಯರೊಬ್ಬರು ಬಂದು ಹಾಡು, ಪದ ಕಲಿಸುತ್ತಾರಲ್ಲ ಎಂಬುದು ಇನ್ನೊಂದು. ನ್ಯಾಯಾಲಯ ಒಪ್ಪಲಿಲ್ಲ. ಹತ್ತನೇ ವಿಧಿಯ ಆ 'ಒದಗಿಸತಕ್ಕದ್ದು' ಭಾಷೆಯ ಪುನಶ್ಚೇತನಕ್ಕಾಗಿಯೇ ಬಂದದ್ದು, ಮಾಧ್ಯಮ ಶಿಕ್ಷಣವಿಲ್ಲದೆ ಅದು ಈಡೇರದು, ಆದ್ದರಿಂದ ಅದನ್ನು ದೊರಕಿಸಲು ರಾಜ್ಯವು ಸಮಂಜಸವಾದ ಎಲ್ಲ ಪ್ರಯತ್ನ ಮಾಡಲೇಬೇಕು ಎಂದಿತು. ತೀರ್ಪು ಫಲ ಕೊಡಬೇಕಾದರೆ ದಾಖಲೆ ಬೇಕು: ಎಷ್ಟು ಮಕ್ಕಳ ಅರ್ಜಿ, ಯಾವ ತಾರೀಕು, ಹುದ್ದೆಗೆ ಎಷ್ಟು ಸಲ ಜಾಹೀರಾತು, ಬಂದವರು ಯಾಕೆ ಒಪ್ಪಲಿಲ್ಲ. ಪೋಷಕರ ಸಂಘ ಮೊದಲ ದಿನದಿಂದಲೇ ಇದನ್ನು ಒಂದು ವಹಿಯಲ್ಲಿ ಬರೆದಿಡುವುದು ಒಳ್ಳೆಯದು.

ಕೋರ್ಟಿನ ಒಳಗಿನ ಭಾಷೆಯ ಪ್ರಶ್ನೆ ಇನ್ನೂ ತಡವಾಗಿ ಎದ್ದಿತು. 2018ರ ಜನವರಿಯಲ್ಲಿ ಮೌಯಿ ದ್ವೀಪದ ನ್ಯಾಯಾಲಯದಲ್ಲಿ ಆರೋಪಿಯೊಬ್ಬರು ಹವಾಯಿಯಲ್ಲೇ ಉತ್ತರಿಸಿದ್ದಕ್ಕೆ, ಎದುರಿಗೇ ನಿಂತಿದ್ದರೂ ಗೈರುಹಾಜರೆಂದು ಬಗೆದು ವಾರಂಟ್ ಹೊರಟಿತು. ಗದ್ದಲವಾಗಿ ವಾರಂಟ್ ವಾಪಸಾಯಿತು. ಹವಾಯಿಯಲ್ಲಿ ಮಾತಾಡಲು ಬಯಸುವವರಿಗೆ ಸಾಧ್ಯವಿದ್ದಷ್ಟೂ ದುಭಾಷಿ ಒದಗಿಸುವ ನೀತಿಯನ್ನು ನ್ಯಾಯಾಂಗ ಅದೇ ದಿನಗಳಲ್ಲಿ ಪ್ರಕಟಿಸಿತು. ಅಧಿಕೃತ ಪಟ್ಟಕ್ಕೆ ಆಗ 40 ತುಂಬುತ್ತಿತ್ತು.

ಅಕ್ಷರ, ನಮೂನೆ, ಕಂಪ್ಯೂಟರ್

ಹವಾಯಿಯನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಸ್ವರಗಳು ಐದು, ವ್ಯಂಜನ ಎಂಟು. ಎಂಟನೆಯದು 'ಓಕಿನ', ಗಂಟಲಲ್ಲಿ ಉಸಿರು ಕಟ್ಟಿ ಬಿಡುವ ದನಿ. ತಲೆಕೆಳಗಾದ ಅಲ್ಪವಿರಾಮದಂತೆ ಬರೆಯುತ್ತಾರೆ. ದೀರ್ಘಸ್ವರದ ಮೇಲೊಂದು ಅಡ್ಡಗೆರೆ. ಎರಡನ್ನೂ ಸರ್ಕಾರಿ ಕಾಗದದಲ್ಲಿ ಬಳಸಬಹುದು, ಬಳಸಬಾರದೆನ್ನುವ ಯಾವ ಆದೇಶವೂ ಅಸಿಂಧು ಎಂದು 1992ರ ಕಾನೂನು ಹೇಳಿತು. 2015ರ ಜನವರಿಯಿಂದ ಸರ್ಕಾರಿ ಲೆಟರ್‌ಹೆಡ್, ಲಾಂಛನಗಳಲ್ಲಿ ಹವಾಯಿ ಹೆಸರುಗಳನ್ನು ಸರಿಯಾದ ಕಾಗುಣಿತದಲ್ಲೇ ಬರೆಯಬೇಕಾಯಿತು. ಆದರೂ ಗುಮಾಸ್ತರು ಓಕಿನದ ಜಾಗದಲ್ಲಿ ಸಾಮಾನ್ಯ ಉದ್ಧರಣ ಚಿಹ್ನೆ ಒತ್ತುತ್ತಾರೆ. ಕಂಪ್ಯೂಟರಿಗೆ ಅದು ಅಕ್ಷರವಲ್ಲ, ಚಿಹ್ನೆ. ಹುಡುಕಾಟದಲ್ಲಿ ಹೆಸರು ಸಿಗುವುದಿಲ್ಲ, ಪದ ನಡುವೆ ತುಂಡಾಗಿ ಮುಂದಿನ ಸಾಲಿಗೆ ಬೀಳುತ್ತದೆ, ಕೆಲವು ತಂತ್ರಾಂಶ ಅರ್ಜಿಯನ್ನೇ ತಿರಸ್ಕರಿಸುತ್ತವೆ. ಓಕಿನಕ್ಕೆ ಯುನಿಕೋಡ್‌ನಲ್ಲಿ ಪ್ರತ್ಯೇಕ ಸ್ಥಾನ ಇದೆ, 02ಬಿಬಿ. ಕೀಲಿಮಣೆಯಲ್ಲಿ ಅದನ್ನೇ ಹೊಂದಿಸಿಕೊಳ್ಳಬೇಕು.

ಹೆಸರಿನ ಕಾಲಮಿನ ಉದ್ದವನ್ನೂ ನೋಡಿಕೊಳ್ಳಿ. ಹವಾಯಿ ಹೆಸರುಗಳು ಒಂದು ಇಡೀ ವಾಕ್ಯದಷ್ಟು ಉದ್ದ ಬೆಳೆಯಬಲ್ಲವು. ಡ್ರೈವಿಂಗ್ ಲೈಸೆನ್ಸಿನಲ್ಲಿ 35 ಅಕ್ಷರಕ್ಕೆ ಹೆಸರು ಕತ್ತರಿಸುತ್ತಿದ್ದ ರಾಜ್ಯ, ದೂರು ಬಂದ ಮೇಲೆ 2013ರಲ್ಲಿ ಆ ಜಾಗವನ್ನು 40 ಅಕ್ಷರಕ್ಕೆ ಹಿಗ್ಗಿಸಿತು. ನಿಮ್ಮ ಭಾಷೆಗೆ ನಮೂನೆ ಸಿದ್ಧವಾಗುವಾಗ ತಂತ್ರಾಂಶದವರ ಕೈಗೆ ಐವತ್ತು ನಿಜವಾದ ಹೆಸರುಗಳ ಪಟ್ಟಿ ಕೊಡಿ, ಅತಿ ಉದ್ದದವು ಮೇಲಿರಲಿ. ಎಲ್ಲವನ್ನೂ ಅಚ್ಚು ಹಾಕಿಸಿ ನೋಡಿದ ಮೇಲೆ ಒಪ್ಪಿಗೆ ಸಹಿ ಮಾಡಿ.